ಹುಣಸೆಹಣ್ಣು ಹಾಕಿ ಉಜ್ಜಿದ ಊರಿನಿಂದ

ಬಿಳಿದಿಬ್ಬದೂರು
ಆಶ್ವಯುಜ ಬಹುಳ ಇಪ್ಪತ್ತೆರಡು, ಕ್ರಿ.ಶ. ೨೨೪೧

ಇನ್ನೂರು ಚಿಲ್ಲರೆ ವರ್ಷ ಹಿಂದಿರುವ ಮಾನ್ಯರೇ,

ಬಹುಳದಲ್ಲಿ ಇಪ್ಪತ್ತೆರಡನೆಯ ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಸಂಜೆಯಾದರೆ ನಮ್ಮಲ್ಲಿ ದೂಳೇಳುತ್ತದೆ, ಚಂದ್ರ ಕಾಣುವುದಿಲ್ಲ. ಚಂದ್ರ ಕಾಣದೆ ತಿಂಗಳು ಮುಗಿಸಲು ನಮ್ಮ ಪುರೋಹಿತರು ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ಹೀಗಾಗಿ ಈ ಆಶ್ವಯುಜ ಎಳೆಯುತ್ತಲೇ ಇದೆ. ನನ್ನ ಮಾತುಗಳೂ ನಿಮಗೆ ಅಷ್ಟೇ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ. ಅದು ಕಾಲದಲ್ಲಿ ಹಿಂದಕ್ಕೆ ನಡೆಯುವ ಅಂಚೆ. ಮಾತನ್ನು ಮಾತ್ರ ಹೊರುತ್ತದೆ, ಸಾಮಾನನ್ನು ಹೊರುವುದಿಲ್ಲ. ಹೊರುವಂತಿದ್ದರೆ ನಿಮಗೊಂದು ಬುಟ್ಟಿ ಚಿನ್ನ ಕಳಿಸುತ್ತಿದ್ದೆ. ತಮಾಷೆಯಲ್ಲ. ನೀವು ಕೋಲಾರದ ಚಿನ್ನದ ಗಣಿ ಎನ್ನುತ್ತಿದ್ದ ಜಾಗದಲ್ಲೇ ನಮ್ಮ ಊರಿದೆ. ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲಿ ಎಂದು ನಾವು ಚಿನ್ನದ ಗಟ್ಟಿಯನ್ನು ಅಡ್ಡ ಇಡುತ್ತೇವೆ. ಅದರಿಂದ ಬೇರೆ ಉಪಯೋಗವಿಲ್ಲ.

ನಮಗೆ ಬೇಕಾಗಿರುವುದು ನಿಮ್ಮ ಸ್ಟೀಲ್ ಲೋಟ.

ನಗಬೇಡಿ, ಕೇಳಿ. ಗಣಿಯ ಹಳೆಯ ಸುರಂಗಗಳ ತುಂಬ ನೀರಿದೆ. ಆ ನೀರನ್ನು ಒಡೆದು ನಾವು ಎರಡು ಗಾಳಿ ತೆಗೆಯುತ್ತೇವೆ. ಒಂದು ಉರಿಗಾಳಿ, ನಿಮ್ಮ ಹೈಡ್ರೋಜನ್. ನಮ್ಮ ಒಲೆ, ದೀಪ, ಪಂಪು ಎಲ್ಲ ಅದರದ್ದೇ. ಇನ್ನೊಂದು ಉಸಿರುಗಾಳಿ, ಅಂದರೆ ಆಕ್ಸಿಜನ್. ದೂಳು ಕುಡಿದು ಎದೆ ಕಟ್ಟಿದವರಿಗೆ ಆಸರೆಮನೆಯಲ್ಲಿ ಅದನ್ನು ಕೊಡುತ್ತೇವೆ. ಆದರೆ ನೀರೆಂಬುದು ಬಲು ಒಗ್ಗಟ್ಟಿನ ಸಂಸಾರ. ಬರಿ ಕರೆಂಟು ಕೊಟ್ಟು ಬೇರೆಯಾಗಿ ಎಂದರೆ ಜಗ್ಗುವುದಿಲ್ಲ. ನಡುವೆ ಚಾಡಿ ಹೇಳುವ ಒಬ್ಬರು ಬೇಕು. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸಿ, ಮನೆ ಒಡೆದ ಮೇಲೂ ತಾವು ಮಾತ್ರ ಕೂದಲು ಕೊಂಕದೆ ಕುಳಿತಿರುವಂಥವರು. ನಿಮ್ಮ ಪಂಡಿತರು ಅದಕ್ಕೆ ವೇಗವರ್ಧಕ ಎಂದು ಹೆಸರಿಟ್ಟಿದ್ದರಂತೆ. ನಾವು ಚಾಡಿತಟ್ಟೆ ಎನ್ನುತ್ತೇವೆ. ಮೊದಮೊದಲು ಈ ಕೆಲಸಕ್ಕೆ ಪ್ಲಾಟಿನಂ, ಇರಿಡಿಯಂ ಎಂಬ ಶ್ರೀಮಂತ ಚಾಡಿಕೋರರನ್ನು ಇಟ್ಟುಕೊಂಡಿದ್ದರು. ಆಮೇಲೆ ಗೊತ್ತಾಯಿತು, ಕ್ಷಾರದ ನೀರಿನಲ್ಲಿ ನಿಕ್ಕಲ್ಲೂ ಕಬ್ಬಿಣವೂ ಜೊತೆಗೂಡಿದರೆ ಸಾಕು, ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಮನೆ ಒಡೆಯುತ್ತವೆ. ಅವೆರಡೂ ಜೊತೆಯಾಗಿ ಬಿಟ್ಟಿ ಸಿಕ್ಕಿದ್ದು ನಮ್ಮ ನೆಲದಡಿಯಲ್ಲಿ, ನೀವು ಎಸೆದ ಪಾತ್ರೆಗಳಲ್ಲಿ. ಚಿನ್ನವನ್ನೂ ತಟ್ಟೆ ಮಾಡಿ ನೀರಿಗಿಳಿಸಿ ನೋಡಿದೆವು. ನೀರು ಅದರ ಕಡೆ ತಿರುಗಿಯೂ ನೋಡಲಿಲ್ಲ.

ನಿಮ್ಮಲ್ಲೊಂದು ಪದ್ಧತಿಯಿತ್ತು. ಪಾತ್ರೆ ಉಡುಗೊರೆ ಕೊಡುವಾಗ ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸುತ್ತಿದ್ದಿರಿ. ‘ಚಿ. ಸೌ. ವಾರಿಜಾಕ್ಷಿಯ ಮದುವೆಗೆ, ಸೋದರತ್ತೆ ಗಿರಿಜಾಂಬ.’ ಆ ಪಾತ್ರೆಗಳನ್ನೇ ಬಡಿದು ಚಪ್ಪಟೆ ಮಾಡಿದ ನಮ್ಮ ತಟ್ಟೆಗಳಲ್ಲಿ ಆ ಅಕ್ಷರಗಳು ಇನ್ನೂ ಇವೆ. ನಮಗೆ ನಿಮ್ಮ ರಾಜರ ಹೆಸರು ಗೊತ್ತಿಲ್ಲ, ನಿಮ್ಮ ಸೋದರತ್ತೆಯರ ಹೆಸರೆಲ್ಲ ಬಾಯಿಪಾಠ. ನೀರೊಡೆಯುವ ಮನೆಯ ಯಜಮಾನಿ ಪಿಳ್ಳಮ್ಮ ಬೆಳಿಗ್ಗೆ ತೊಟ್ಟಿಯ ಗಾಜಿನಲ್ಲಿ ಇಣುಕಿ, “ಗಿರಿಜಾಂಬ ಇವತ್ತು ಸಕತ್ತಾಗಿ ಗುಳ್ಳೆ ಬಿಡ್ತಾವ್ಳೆ, ವಾರಿಜಾಕ್ಷಿಗೆ ಯಾಕೋ ಮೈಗಳ್ಳತನ” ಎಂದು ವರದಿ ಕೊಡುತ್ತಾಳೆ. ಕೊಡುತ್ತಿದ್ದಳು.

ಈ ಸಲ ನೀರೊಡೆಯುವ ಮನೆಗೆ ನೂರು ವರ್ಷ ತುಂಬಿತು. ಪ್ರತಿ ಆಯುಧಪೂಜೆಗೆ ತೊಟ್ಟಿಯ ಹೊರಮೈಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ ಕೈಮುಗಿಯುತ್ತಿದ್ದೆವು. ಈ ಸಲ ಮಾತ್ರ ಪೂಜಾ ಸಮಿತಿಯ ಅಧ್ಯಕ್ಷ ಅಂಜಿನಪ್ಪನಿಗೆ ಹುಮ್ಮಸ್ಸು ಬಂತು. ಮುಚ್ಚಳ ತೆಗೆಸಿದ. ತಟ್ಟೆಗಳೆಲ್ಲ ಮಸಿ ಬಳಿದಂತೆ ಕಪ್ಪಗಿದ್ದವು.

“ಥೂ, ಏನಮ್ಮೋ ಇದು ಪಿಳ್ಳಮ್ಮಾ! ಸೋದರತ್ತೇರ್ನ ಇಂಗಾ ಇಟ್ಕಳ್ಳಾದು? ನೂರು ವರ್ಷಕ್ಕೆ ಒಂದ್ ದಪನಾದ್ರೂ ಸ್ನಾನ ಬ್ಯಾಡ್ವಾ?”

ಪಿಳ್ಳಮ್ಮನಿಗೆ ಮಾನ ಹೋದಂತಾಯಿತು. ಮನೆಯ ಪಾತ್ರೆ ಕಪ್ಪಗಿದೆ ಎಂದು ನಾಲ್ಕು ಜನರೆದುರು ಅನ್ನಿಸಿಕೊಂಡು ಸುಮ್ಮನಿರುವ ಹೆಂಗಸು ನಿಮ್ಮ ಕಾಲದಲ್ಲೂ ಇರಲಿಲ್ಲ, ನಮ್ಮ ಕಾಲದಲ್ಲೂ ಇಲ್ಲ. ಹುಣಸೆಹಣ್ಣು ಬಂತು, ಬೂದಿ ಬಂತು, ತೆಂಗಿನ ನಾರು ಬಂತು. ಊರೇ ಕುಳಿತು ಹಾಡುತ್ತ ಉಜ್ಜಿತು. ಸಂಜೆಗೆ ತಟ್ಟೆಗಳು ಮುಖ ಕಾಣುವಂತೆ ಹೊಳೆದವು. ಎಲ್ಲರೂ ಮುಖ ನೋಡಿಕೊಂಡೆವು.

ಮರುದಿನ ಗುಳ್ಳೆ ಏಳಲಿಲ್ಲ. ಎದ್ದದ್ದು ಒಂದೇ ಮೂಲೆಯಲ್ಲಿ. ಅದು ಅಂಜಿನಪ್ಪನ ಪಾಲಿಗೆ ಬಂದಿದ್ದ ತಟ್ಟೆ, ಗಿರಿಜಾಂಬನವರದು. ಅಡುಗೆಯ ವಾಸನೆ ಬಂದೊಡನೆ ಆತ ಅದನ್ನು ಉಜ್ಜದೆ ಎದ್ದುಹೋಗಿದ್ದ. ಆಗ ನಮಗೆ ಅರಿವಾಯಿತು, ಕಪ್ಪು ಕೊಳೆಯಲ್ಲ. ಚಾಡಿ ಹೇಳುವ ನಾಲಿಗೆಯೇ ಆ ಕಪ್ಪು. ನೂರು ವರ್ಷ ಸವೆದು ಎಲೆಯಷ್ಟು ತೆಳುವಾದ ತಟ್ಟೆಗಳಲ್ಲಿ ಉಳಿದಿದ್ದ ನಿಕ್ಕಲ್ಲೆಲ್ಲ ಆ ಕಪ್ಪಿನಲ್ಲೇ ಇತ್ತು. ಅದನ್ನು ನಾವು ಹಾಡುತ್ತ ಚರಂಡಿಗೆ ಚೆಲ್ಲಿದ್ದೆವು. ಊರಿನ ಸೋಮಾರಿಯೊಬ್ಬನ ದಯೆಯಿಂದ ಇವತ್ತು ಊರು ಉಸಿರಾಡುತ್ತಿದೆ. ಆತ ಇನ್ನಷ್ಟು ಸೋಮಾರಿಯಾಗಿರಬಾರದಿತ್ತೇ ಎಂದು ನಾನು ದಿನವೂ ದೇವರನ್ನು ಕೇಳುತ್ತೇನೆ.

ಉರಿಗಾಳಿ ಇಲ್ಲದಿದ್ದರೆ ತಣ್ಣನೆಯದನ್ನೇ ತಿಂದು ಕತ್ತಲಲ್ಲಿ ಕುಳಿತೇವು. ಉಸಿರುಗಾಳಿಗೆ ಬದಲಿಯಿಲ್ಲ. ಆಸರೆಮನೆಯಲ್ಲಿ ಆರು ಜನರಿದ್ದಾರೆ. ಗಿರಿಜಾಂಬನವರೊಬ್ಬರ ಗುಳ್ಳೆ ಒಬ್ಬರಿಗೆ ಮಾತ್ರ ಸಾಲುತ್ತದೆ. ಆರೂ ಜನ ಸರದಿಯಲ್ಲಿ ಕೊಳವೆ ಹಿಡಿಯುತ್ತಾರೆ. ಇನ್ನೇನು ಮಂಕುಗಾಲ ಬರುತ್ತದೆ. ಹಗಲೂ ಸೂರ್ಯ ಕಾಣದ ತಿಂಗಳುಗಳವು; ಸೂರ್ಯನಿಲ್ಲದೆ ಕರೆಂಟಿಲ್ಲ, ಅಷ್ಟರೊಳಗೆ ಟ್ಯಾಂಕು ತುಂಬಿರಬೇಕು. ಟ್ಯಾಂಕಿನಲ್ಲಿ ಈಗ ಏನೂ ಇಲ್ಲ.

ಆರು ಜನರಲ್ಲಿ ಒಬ್ಬಳು ನನ್ನ ಹೆಂಡತಿ ಅರುಳ್‌ಮೇರಿ. ಎದೆ ಕಟ್ಟಿದ ಮೇಲೆ ಅವಳು ಒಂದು ಬೈಗುಳವನ್ನು ಎರಡು ಕಂತಿನಲ್ಲಿ ಬೈಯುತ್ತಾಳೆ. “ಯರ್ರಪ್ಪಾ, ನೀನೊಬ್ಬ” ಎಂದು ನಿಲ್ಲಿಸಿ, ಉಸಿರು ಎಳೆದುಕೊಂಡು, “ದಡ್ಡ” ಎಂದು ಮುಗಿಸುತ್ತಾಳೆ. ನಡುವಿನ ಬಿಡುವಿನ ಬಳಿಕ ಯಾವತ್ತಾದರೂ ಒಂದು ಒಳ್ಳೆಯ ಮಾತು ಬಂದೀತೆಂದು ಬಹಳ ವರ್ಷಗಳಿಂದ ಕಾಯುತ್ತಿದ್ದೇನೆ. ಬಂದಿಲ್ಲ. ತನ್ನ ಸರದಿ ಬಂದಾಗ ಅವಳು ಕೊಳವೆಯನ್ನು ಪಕ್ಕದ ಹಾಸಿಗೆಗೆ ತಳ್ಳುತ್ತಾಳೆ. “ಇಡ್ಕಳೆ, ನಂಗೆ ಆ ವಾಸ್ನೆ... ಆಗಲ್ಲ” ಅನ್ನುತ್ತಾಳೆ. ಉಸಿರುಗಾಳಿಗೆ ವಾಸನೆಯೇ ಇಲ್ಲ.

ಆದ್ದರಿಂದ ಪ್ರಾರ್ಥನೆ. ನಿಮ್ಮ ಅಟ್ಟದ ಮೇಲೆ ಹಳೆಯ ಸ್ಟೀಲ್ ಪಾತ್ರೆಗಳಿವೆ, ಗೊತ್ತು. ಅವನ್ನು ಬೀದಿಯಲ್ಲಿ ಕೂಗಿಕೊಂಡು ಬರುವವನಿಗೆ ಕೊಟ್ಟು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳುತ್ತೀರಿ, ಅದೂ ಗೊತ್ತು. ಇಲ್ಲಿ ಎಲ್ಲಿ ಅಗೆದರೂ ಸಿಗುವುದು ಆ ಬಕೆಟ್ಟೇ. ಒಂದು ಲೋಟ ಎತ್ತಿಡಿ. ಅಯಸ್ಕಾಂತ ಅಂಟಿಸಿ ನೋಡಿ. ಗಟ್ಟಿಯಾಗಿ ಅಂಟಿದರೆ ಅದರಲ್ಲಿ ನಿಕ್ಕಲ್ ಇಲ್ಲ, ಅದು ನಿಮಗೇ ಇರಲಿ. ಅಂಟದಿದ್ದರೆ ಅದು ನಮ್ಮದು. ಗಣಿಯ ಬಿಳಿ ಮಣ್ಣಿನ ದೊಡ್ಡ ದಿಬ್ಬದ ಮೂಡಣಕ್ಕೆ, ಕುಳಿತ ಎಮ್ಮೆಯಂಥ ಒಂದು ಬಂಡೆಯಿದೆ. ಅದರ ಬುಡದಲ್ಲಿ ಮೊಳದಾಳಕ್ಕೆ ಹೂತುಬಿಡಿ. ಊರಿನ ಸುತ್ತ ಎಲ್ಲ ಕಡೆ ಅಗೆದು ಮುಗಿಸಿದ್ದೇವೆ. ಅಲ್ಲೊಂದು ಕಡೆ ಮಾತ್ರ ಸನಿಕೆ ಹಾಕಲು ನಾನು ಬಿಟ್ಟಿಲ್ಲ. ಅಗೆದು ಏನೂ ಇಲ್ಲವೆಂದು ಕಂಡರೆ ನೀವು ಹೂಳಲಿಲ್ಲ ಎಂದೇ ಆಗಿಬಿಡುತ್ತದೆ. ಅಗೆಯದಿರುವವರೆಗೆ ನಿಮ್ಮ ಮನಸ್ಸು ಬದಲಾಗಲು ಅವಕಾಶವಿದೆ. ಹೊಸ ತಟ್ಟೆ ಕರೆಂಟು ಕುಡಿದು ಕಪ್ಪಾಗಲು ಬೇಕಾದಷ್ಟೇ ಬಿಸಿಲು ಈಗ ಉಳಿದಿದೆ, ಇನ್ನು ತಡೆಯಲಾರೆ. ನಿಮಗೆ ಯೋಚಿಸಲು ಇನ್ನೂರು ವರ್ಷ ಇದೆ, ನನಗೆ ನಾಳೆ ಬೆಳಿಗ್ಗೆಯವರೆಗೆ.

ಹೂಳುವ ಮೊದಲು ದಯವಿಟ್ಟು ಹೆಸರು ಕೆತ್ತಿಸಿ. ಯಾರ ಉಸಿರು ಇದು ಎಂದು ಅರುಳ್‌ಮೇರಿ ಕೇಳದೆ ಬಿಡುವವಳಲ್ಲ.

ಇವತ್ತು ಮಧ್ಯಾಹ್ನ, ನಾನು ಈ ಪತ್ರಕ್ಕೆ ಕೂರುವ ಮುಂಚೆ, ಅವಳು “ಯರ್ರಪ್ಪಾ, ನೀನೊಬ್ಬ” ಎಂದಳು. ಕಾದೆ. ದೂಳೆದ್ದು ಸಂಜೆಯಾಯಿತು. ಎರಡನೆಯ ಕಂತು ಇನ್ನೂ ಬಂದಿಲ್ಲ. ಕಣ್ಣು ಬಿಟ್ಟುಕೊಂಡೇ ಇದ್ದಾಳೆ, ನನ್ನನ್ನೇ ನೋಡುತ್ತಿದ್ದಾಳೆ.

ದಡ್ಡ ಎಂದಾದರೂ ಅವಳು ಅನ್ನಲಿ.

ಸನಿಕೆಯನ್ನು ಬಾಗಿಲ ಬಳಿ ಇಟ್ಟಿದ್ದೇನೆ.

ಇತಿ ನಿಮ್ಮ
ಯರ್ರಪ್ಪ