ಮೂರನೆಯ ಹನಿ

ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. "ಫುಸಾಯೊ, ಇಪ್ಪತ್ತನೇ ತಾರೀಖು ಮಠದವರು ಬಂದು ಚಿತ್ರದ ಬಾಗಿಲು ತಗೊಂಡು ಹೋಗ್ತಾರೆ. ಇನ್ನೂ ಸಹಿ ಆಗಿಲ್ಲ. ಗಿನ್‌ಜಿಗೆ ಆ ಹನಿ ಬರ್ತಾನೇ ಇಲ್ಲ. ಬೆಳಿಗ್ಗೆ ಬೇಗ ಬಂದು ಹಾಕಿ ಹೋಗ್ಬಿಡು." ಓದಿ ಮೈಯೆಲ್ಲ ಉರಿಯಿತು.

ಹೇಗೆ ಬರುತ್ತದೆ ಅಪ್ಪಾ? ಸಹಿಯಲ್ಲಿ ಮನೆತನದ ಹೆಸರು ಕಿಯೊಹಾರಾ ಎಂದು ಬರೆಯುವಾಗ ಮೊದಲ ಅಕ್ಷರದ ಎಡಕ್ಕೆ ನೀರಿನ ಹನಿಗಳಂತೆ ಮೂರು ಗೀಟು. ಮೂರನೆಯದು ಮೇಲಕ್ಕೆ ಚಿಮ್ಮಬೇಕು. ಹನ್ನೊಂದು ವರ್ಷದ ಹಿಂದೆ ನಿಮ್ಮ ಕೈ ನಡುಗತೊಡಗಿದಾಗಿನಿಂದ ಚಿತ್ರವೂ ನನ್ನದೇ, ನಿಮ್ಮ ಹೆಸರಿನ ಸಹಿಯೂ ನನ್ನದೇ. ನಾನು ಎಡಚಿ. ನನ್ನ ಹನಿ ಕೆಳಕ್ಕೆ ಇಳಿಯಿತು. ಅದು ತಪ್ಪು, ಅಷ್ಟೇ. ಆದರೆ ಒಬ್ಬ ಕಲಾ ವಿಮರ್ಶಕರು ಬಂದು, "ಗುರುಗಳ ಹನಿ ಈಗ ಎಷ್ಟು ಶಾಂತವಾಗಿದೆ!" ಎಂದು ತಲೆದೂಗಿದರು. ನೀವು ಗಡ್ಡ ನೀವಿಕೊಂಡು, "ವಯಸ್ಸಾಯ್ತಲ್ಲ, ನೀರು ತಾನಾಗೇ ಇಳೀತದೆ" ಅಂದುಬಿಟ್ಟಿರಿ. ಪಕ್ಕದ ಕೋಣೆಯಲ್ಲಿ ನಾನು ಮಸಿ ತೇಯುತ್ತಿದ್ದೆ.

ಹೋದ ವಸಂತದಲ್ಲಿ ಶಿಷ್ಯ ಗಿನ್‌ಜಿಯನ್ನು ದತ್ತು ತೆಗೆದುಕೊಂಡು ಮನೆತನದ ಹೆಸರು ಕೊಟ್ಟಿರಿ. ನಾನು ಕೇಳಿದ್ದು ಹೆಸರನ್ನಲ್ಲ. ಈ ಬಾಗಿಲುಗಳನ್ನು ಬರೆದವಳು ನಾನೆಂದು ಮಠದವರಿಗೆ ಒಂದು ಮಾತು ಹೇಳಿ ಎಂದಷ್ಟೇ. ಅದಕ್ಕೆ ನೀವು ಅಂದದ್ದು: "ಈ ಹೆಸರಲ್ಲಿ ಅರಮನೆಯೋರಿದ್ರು, ಚಕ್ರವರ್ತಿಗೆ ಪಾಠ ಹೇಳಿದ ಪಂಡಿತರಿದ್ರು, ಚಿತ್ರಗಾರರಿದ್ರು. ನೀನು ಮುರಾಸೆ ಮನೆ ಸೇರಿದೋಳು. ಉಪ್ಪಿನಕಾಯಿ ಅಂಗಡಿ ಸೊಸೆ ಹೆಸರು ಹೇಳಿ ನಗೆಪಾಟಲಾಗ್ಲಾ?" ಗಿನ್‌ಜಿ ಕಿಸಕ್ಕನೆ ನಕ್ಕ.

ಹೌದು, ಉಪ್ಪಿನಕಾಯಿ ಅಂಗಡಿಯವಳೇ. ಮುಂಜಾನೆ ಮೂಲಂಗಿಗೆ ಉಪ್ಪು ತಿಕ್ಕಿ, ಬಿರಿದ ಕೈ ತೊಳೆದುಕೊಂಡು, ಬಸ್ಸು ಹಿಡಿದು ನಿಮ್ಮಲ್ಲಿಗೆ ಬರುತ್ತಿದ್ದೆ. ಆ ಬಾಗಿಲುಗಳ ಮೇಲೆ ಜೊಂಡಿನಲ್ಲಿ ಕೂತಿರುವ ಹದಿನಾರು ಕಾಡುಬಾತುಗಳ ಒಂದೊಂದು ಗರಿಯನ್ನೂ ಇದೇ ಕೈ ಬರೆಯಿತು. ಆಗ ನಿಮಗೆ ಉಪ್ಪಿನ ವಾಸನೆ ಬರಲಿಲ್ಲವೇ?

ಗಿನ್‌ಜಿ ದಿನವಿಡೀ ಹನಿ ತಿದ್ದುತ್ತಾನಂತೆ. ಪಾಪ, ನನ್ನ ತಪ್ಪನ್ನು ಕಿಯೊಹಾರಾ ಮನೆತನದ ಸಂಪ್ರದಾಯವೆಂದು ಕಲಿಯುತ್ತಿದ್ದಾನೆ!

ಇಪ್ಪತ್ತಕ್ಕೆ ಬರುತ್ತೇನೆ. ಬೆಳಿಗ್ಗೆ ಬೇಗ ಅಲ್ಲ. ಮಠದವರು ಬಂದು ಕೂತು ಚಹಾ ಕುಡಿಯುವಾಗ. ಅವರೆಲ್ಲರ ಎದುರು, ಎಡಗೈಯಲ್ಲಿ, ಫುಸಾಯೊ ಎಂದು ಬರೆಯುತ್ತೇನೆ. ಅದರ ಜೊತೆ ಕಿಯೊಹಾರಾ ಇರುವುದಿಲ್ಲ, ಮುರಾಸೆಯೂ ಇರುವುದಿಲ್ಲ. ಬೇಡವೆನಿಸಿದರೆ ನನ್ನ ಕೈಯಿಂದ ಕುಂಚ ಕಿತ್ತುಕೊಳ್ಳಿ. ಆಮೇಲೆ ಅವರ ಕಣ್ಣೆದುರಿಗೇ ನಿಮ್ಮ ಸಹಿಯನ್ನು ನೀವೇ ಹಾಕಬೇಕಾಗುತ್ತದೆ.

ಚಳಿ ಹೆಚ್ಚಿದೆ, ಮಂಡಿಗೆ ಬಿಸಿ ಬಟ್ಟೆ ಇಡಿಸಿಕೊಳ್ಳಿ. ನೂರು ಕಾಲ ಬಾಳಿ. ನನ್ನ ಸಿಟ್ಟು ಇಳಿಯಲು ಅಷ್ಟು ಕಾಲ ಬೇಕು.

ನಿಮ್ಮ ಮಗಳು,
ಫುಸಾಯೊ