ಹಗ್ಗದಾಗಿನ ಇಪ್ಪತ್ಮೂರು ಗಂಟು

ಬೆಟಗೇರಿ,
ಮಂಗಳವಾರ, 11 ಫೆಬ್ರುವರಿ 2025

ನನ್ನ ನೂರೀನ ಬೇಟಾ,

ನಿನಗೂ ನನ್ನ ಮೊಮ್ಮಗಳು ಕೈನಾತಗೂ ನಿನ್ನ ಅತ್ತಿ ರಹಿಮತಬಿಯ ಸಲಾಮು, ದುವಾ. ನಿನ್ನ ತಲಿಶೂಲಿ ಕಡಿಮಿ ಆತೇನ? ನಿಮ್ಮವ್ವ ಮೋತಿಬಿಯವರ ಮೊಣಕಾಲು ಹ್ಯಾಂಗದಾವು? ಕೈನಾತನ ಮುಂದಿನ ಹಲ್ಲು ಬಿತ್ತೋ, ಇನ್ನ ಜೋತಾಡಾಕ ಹತ್ತೈತೋ? ಫೋನಿನ್ಯಾಗ ಕೇಳಬೇಕಂದ್ರ ನೀ ನನ್ನ ನಂಬರ ಬ್ಲಾಕ್ ಮಾಡಿಟ್ಟಿ. ಮಾಡಿದ್ದು ಬರೋಬ್ಬರಿ. ಅದಕ್ಕ ಏಳನೇ ಇಯತ್ತೆಯ ಕನ್ನಡ ಅಕ್ಷರ ಹುಡಿಕ್ಯಾಡಿ ಈ ಕಾಗದ ಬರಿಯಾಕ ಕುಂತೀನಿ. ಲಕ್ಷ್ಮೇಶ್ವರಕ್ಕ ನನ್ನ ಅಂಗಡಿಯ ಗಾಜಿನ ಬಳಿ ಡಬ್ಬಿ ಒಯ್ಯೂ ಅಬ್ದುಲಗನಿ ಟಂಟಂದಾಗ ತಂದು ನಿನ್ನ ಕೈಯಾಗ ಕೊಡತಾನ. ಹರಿಯೂದಾದ್ರ ಓದಿ ಹರಿ.

ನಿನಗ ಗೊತ್ತೈತಿ, ನಾ ಅಳೂಕಿಂತ ಮದಲ ಲೆಕ್ಕಾ ಹಾಕಾಕಿ. ಈ ಪ್ರಕರಣಕ್ಕ ಏನೇನು ಹೋತು ಅಂತ ಕೂಡಿಸಿ ನೋಡಿದೆ. ನಿನ್ನ ಗಂಡ ಇಜಾಜನ ಮೈಯಾಗಿಂದ ಹತ್ತೊಂಬತ್ತು ಕಿಲೋ, ಎರಡು ಕಾಲುಗುರು. ಅವನ ಮಂಚ, ಗಾದಿ, ಒಂದು ಗೋಣಿಚೀಲ ತುಂಬ ಅಂಗಿ-ಪ್ಯಾಂಟು. ನಿನ್ನ ಎರಡೂ ಕೈಯಾಗಿನ ಹಸರ ಬಳಿ, ಕೊಳ್ಳಾಗಿನ ಕರಿಮಣಿ. ಕೈನಾತನ ಮೂರು ವಾರದ ಶಾಲಿ. ಮತ್ತ ಮೂವತ್ತು ಮಂದಿ ಉಂಡೆದ್ದ ಒಂದು ಫಾತೇಹಾದ ಊಟ, ಅದೂ ಜೀವಂತ ಇದ್ದಂವನ ಹೆಸರಲೆ. ರೊಕ್ಕದ್ದು ಬಿಡು, ಅದು ಹೋಗತೈತಿ ಬರತೈತಿ. ಬಳಿನೂ ನನ್ನ ಅಂಗಡ್ಯಾಗ ಬೇಕಾದಷ್ಟು ಅದಾವ. ಉಳದದ್ದು ಯಾರ ಅಂಗಡ್ಯಾಗೂ ಸಿಗೂದಿಲ್ಲ.

ಮದಲಿಂದ ಹೇಳತೀನಿ, ಯಾಕಂದ್ರ ನೀ ಸಿಟ್ಟಿಗೆ ಅರ್ಧಾ ಕೇಳಿಲ್ಲ, ನಾ ನಾಚಿಕಿಗೆ ಅರ್ಧಾ ಹೇಳಿಲ್ಲ. ಇಜಾಜ ಅರುಣಾಚಲದ ಗುಡ್ಡದಾಗ ಕರೆಂಟಿನ ದೊಡ್ಡ ತಂತಿ ಎಳಿಯೂ ಗುಂಪಿನ ಜೊತಿ ಹೋಗಿದ್ದ. ಸಪ್ಟೆಂಬರದಾಗ ಒಂದಿನ ಗಿಡಕ್ಕ ಬಣ್ಣದ ಗುರುತು ಹಾಕಕೋತ ಹೋದಂವ ಮಂಜಿನ್ಯಾಗ ದಾರಿ ತಪ್ಪಿದ. ಒಂಬತ್ತನೇ ದಿನಕ್ಕ ಗುತ್ತಿಗಿದಾರ ಫೋನ್ ಮಾಡಿ, ಹೊಳಿ ದಂಡಿಗೆ ಹೆಲ್ಮೆಟ್ಟು, ಮೊಬೈಲು ಸಿಕ್ಕಾವು, ಹೊಳಿ ಒಯ್ದಿರಬೇಕು, ಹುಡುಕೂದು ನಿಲ್ಲಸತೀವಿ, ಒಪ್ಪಿಗಿ ಕಾಗದಕ್ಕ ಸಹಿ ಮಾಡ್ರಿ ಅಂದ. ನಾ ಮಾಡಿದೆ. ಮಸೂತಿ ಹಜರತರು "ಹೆಣ ಇಲ್ಲದ ಮಯ್ಯತದ ನಮಾಜ ಇಲ್ಲ, ರಹಿಮತಬಿ, ತಡೀರಿ" ಅಂದ್ರು. ನೀ "ಅಮ್ಮಾ, ಅವರು ಬರ್ತಾರ, ನನ್ನ ಬಳಿ ಮುಟ್ಟಬ್ಯಾಡ್ರಿ" ಅಂದಿ. ನಾ ಇಬ್ಬರ ಮಾತೂ ಕೇಳಲಿಲ್ಲ. ಹಜರತರನ್ನ ಬಿಟ್ಟು ನಮ್ಮ ಬೀಗರೊಬ್ಬರ ಕಡಿಂದ ಫಾತೇಹಾ ಓದಿಸಿದೆ, ಮೂರೇ ದಿನದಾಗ ಅವನ ಅಂಗಿ, ಮಂಚ ಎಲ್ಲಾ ಬಡವರಿಗೆ ಕೊಟ್ಟೆ. ಯಾಕಂದಿ? ನಾ ಇಪ್ಪತ್ತಾರು ವರ್ಷದಾಕಿ ಇದ್ದಾಗ ನಿಮ್ಮ ಮಾವ ತೀರಕೊಂಡ್ರು. ಕಣ್ಣೀರು ಒರಿಸಿಕೊಂಡು ಬಳಿ ಬುಟ್ಟಿ ಹೊತ್ತೆ, ಅದಕ್ಕ ಇಜಾಜ ಉಂಡು ಬೆಳದ. ಅಳೂದು ಜಲ್ದಿ ಮುಗಿಸಿದವರು ಬದಕತಾರ ಅನ್ನೂದು ನನಗ ಗೊತ್ತಿದ್ದ ಒಂದೇ ವಿದ್ಯಾ. ಕಾಯೂದು ನನಗ ಯಾರೂ ಕಲಿಸಿಲ್ಲ.

ಇನ್ನೊಂದು ಮಾತು. ನನಗ ಕಸುಬು ಕಲಿಸಿದ ಮುದುಕಿ ಹೇಳಿದ್ಲು: "ತೊಡಸೂ ಕೈ ತಗಿಯಬಾರದು. ಸತ್ತವರ ಮನಿಗೆ ಹೋದ್ರ ಕೈ ಕಟಗೊಂಡು ಕುಂಡ್ರು." ಮೂವತ್ತೆರಡು ವರ್ಷ ಪಾಲಿಸಿದೆ. ನಿನ್ನ ಕೈ ಹಿಡದು ಆ ಮಾತು ಮುರದೆ. ಸಾಬಣದ ನೀರು ಹಚ್ಚಿ, ಒಂದೂ ಒಡಿಯದಂಗ ಜಾರಿಸಿ, ತೊಳದು, ಡಬ್ಬಿಯಾಗ ಇಟ್ಟೆ. ಅಂಥಾದ್ರಾಗೂ ನನ್ನ ಹುಷಾರಿ ನೋಡು. ಇಜಾಜ ತಿರುಗಿ ಬಂದ ದಿನ ಹೊಸಾ ಬಳಿ ತೊಡಸಾಕ ಬಂದ್ರ "ನಿಮ್ಮ ಕೈಲೆ ಬ್ಯಾಡ" ಅಂದಿ. ಅವತ್ತಿನಿಂದ ಬರಿಗೈಲೆ ಅದಿ.

ಆ ಕಾಡಿನ್ಯಾಗ ಅಂವ ಹ್ಯಾಂಗ ಉಳದ ಅನ್ನೂದನ್ನ ನಿನಗ ಹೇಳಿಲ್ಲ, ನನಗ ಚೂರು-ಚೂರು ಹೇಳ್ಯಾನ. ಬಿದರಿನ ಗಣಕಿ ಕೊಯ್ದು ಒಳಗಿನ ನೀರು ಕುಡದ. ಕಾಡುಬಾಳಿ ದಿಂಡಿನ ನಡುವಿನ ಬಿಳೇದು ತಿಂದ. ಗೊತ್ತಿಲ್ಲದ ಸೊಪ್ಪು ಸಿಕ್ರ ಮದಲ ತುಟಿಗೆ ಒರಸಿ ಕಾಯೂದು, ಉರಿ ಬರಲಿಲ್ಲ ಅಂದ್ರ ನಾಲಿಗಿ ಮ್ಯಾಲ ಇಟ್ಟು ಕಾಯೂದು, ಆಮ್ಯಾಲ ಚಿಟಿಕಿಯಷ್ಟು ನುಂಗೂದು. ತೊಯ್ದ ಲೈಟರನ್ನ ಬಗಲಾಗ ಇಟಗೊಂಡು ಎರಡು ದಿನ ಒಣಗಿಸಿದ್ನಂತ. ನೀ ದಿನಾ ಬೈತಿದ್ದಿಯಲ್ಲ ಆ ಹಾಳು ತಂಬಾಕು, ಅದನ್ನ ಕಾಲಿಗೆ ತಿಕ್ಕಿ ಜಿಗಣಿ ಬಿಡಿಸಿಕೊಂಡ. ಕಂಬ ಹತ್ತೂವಾಗ ಕಟಗೊಳ್ಳೂ ಸೊಂಟದ ಪಟ್ಟಾ ಇತ್ತಲ್ಲ, ಅದರಲೆ ಗಿಡದ ಕವಲಿಗೆ ಮೈ ಕಟಗೊಂಡು ಮಲಗಿದ. ಕಡೀಕ ಒಂದು ಹಳ್ಳ ಹಿಡದು ಕೆಳಗ ಇಳದ, ನೀರು ಹೋದಲ್ಲೆ ಮಂದಿ ಇರ್ತಾರ ಅಂತ. ಇಪ್ಪತ್ಮೂರನೇ ದಿನ ಏಲಕ್ಕಿ ಬೆಳಿಯವರ ಗುಡಿಸಲದ ಹೊಗಿ ಕಾಣಿಸ್ತು.

ಅಲ್ಲಿ ಉಳಿಸಿದ್ದ ಎಲ್ಲಾ ವಿದ್ಯಾ ಇಲ್ಲಿ ಅವನ್ನ ಮಂದಿ ನಡುವ ಬರಗೊಡವಲ್ದು. ನನ್ನ ಕೈ ಬಿರಿಯಾನಿನೂ ತುಟಿಗೆ ಹಚ್ಚಿ ಕಾಯತಾನ! ಅರ್ಧಾ ಉಂಡು ಅರ್ಧಾ ಮುಚ್ಚಿಡತಾನ. ನನ್ನ ಬಳಿ ಡಬ್ಬಿ ಹಿಂದ ಶೇಂಗಾ-ಬೆಲ್ಲದ ಗಂಟು ಸಿಕ್ತು, ಗಾಜಿನ ಬಳಿಗೆಲ್ಲಾ ಇರಿವಿ ಹತ್ತಿದ್ವು. ಫ್ಯಾನಿನ ಸಪ್ಪಳ ಆಗೂದಿಲ್ಲ, ಬಾಗಲಾ ಹಾಕಿದ್ರ ಆಗೂದಿಲ್ಲ. ಮಾಳಿಗಿ ಮ್ಯಾಲ ನೀರಿನ ಟಾಕಿ ಕಾಲಿಗೆ ಅದೇ ಪಟ್ಟಾ ಕಟಗೊಂಡು ಮಲಗತಾನ. ಮುಂಜಾನಿ ಎದ್ದ ಕೂಡ್ಲೆ ಹಸಿ ತಪ್ಪಲಾ ಹಾಕಿ ಹೊಗಿ ಎಬ್ಬಸತಾನ. ಮಗ್ಗಲ ಮನಿ ಮುತ್ತವ್ವ ಕೂಗಿದ್ಲು: "ಏ ರಹಿಮತಬಿ, ನಿನ್ನ ಮಗ ಮಾಳಿಗಿ ಮ್ಯಾಲ ಇಟ್ಟಂಗಿ ಭಟ್ಟಿ ಹಚ್ಯಾನೇನ? ನನ್ನ ಸೀರಿ ಒಣಗೂದರ ಬದಲಿ ಹುರದು ಹೋದ್ವು!" ನಾ ನಕ್ಕೆ, ಅಂವ ನಗಲಿಲ್ಲ. "ಹೊಗಿ ಇರಲಿಲ್ಲಂದ್ರ ಯಾರಿಗೆ ಗೊತ್ತಾಗಬೇಕಮ್ಮಾ, ನಾ ಇಲ್ಲಿ ಅದೀನಂತ?" ಅಂದ. ಬೆಟಗೇರಿ ಬಸ್ ಸ್ಟ್ಯಾಂಡಿನ್ಯಾಗ ಯಾವನೋ ಅವನ ನೀಲಿ ಅಂಗಿ ಹಾಕ್ಕೊಂಡು ನಿಂತಿದ್ನಂತ. ಅವನ್ನ ನೋಡಿ ಬಂದಂವ ಸಂಜಿತನಕ ಗ್ವಾಡಿಗೆ ಮುಖಾ ಮಾಡಿ ಕುಂತಿದ್ದ. ನಿನ್ನ ಜೊತಿ ಮಾತ್ರ ಒಂದು ಪೂರಾ ಮಾತು ಆಡಲಿಲ್ಲ. ನೀ ಊಟಕ್ಕ ಕರದ್ರ ನಿನ್ನ ಬರಿಗೈ ನೋಡಿ, ತಾಟು ತಗೊಂಡು ಮಾಳಿಗಿ ಹತ್ತಿದ. "ಕಾಡು ಅವರ ನಾಲಿಗಿ ಕಸಗೊಂಡೈತಿ ಅಮ್ಮಾ" ಅಂದಿ ನೀ. ನಾನೂ ಹೂಂ ಅಂದೆ.

ಆ ಪಟ್ಟಾಕ್ಕ ಒಂದು ಹಗ್ಗ ಐತಿ, ನೀನೂ ನೋಡೀದಿ. ಕಾಡಿನ್ಯಾಗ ದಿನಕ್ಕೊಂದು ಗಂಟು ಹಾಕ್ಯಾನ, ಇಪ್ಪತ್ಮೂರು ಅದಾವ. ಬಂದ ವಾರದಾಗ ಅದನ್ನ ನನ್ನ ಕೈಯಾಗ ಕೊಟ್ಟು ಕೇಳಿದ: "ಯಾವ ಗಂಟಿಗೆ ನನ್ನ ಕೈ ಬಿಟ್ರಿ, ಅಮ್ಮಾ? ಅವತ್ತ ನಾ ಏನ್ ಮಾಡತಿದ್ದೆ ಅಂತ ನೆನಸಬೇಕಾಗೇತಿ." ನಾ ಏನೋ ಹೇಳಿದೆ. ಹೋಗಲಿ ಅದು.

ಕೈನಾತನ್ನ ಶಾಲಿಯಿಂದ ಕರಕೊಂಡು, ಯಾರಿಗೂ ಹೇಳದ ಮಾಗಡಿ ಕೆರಿಗೆ ಹೋಗಿ ಮರುದಿನ ಬಂದದ್ದು ಅವನ ತಪ್ಪು. ಆರು ವರ್ಷದ ಕೂಸಿಗೆ ಹೊಲದ ದಂಡಿ ಸೊಪ್ಪು ತಿನಿಸಿ ಎರಡು ದಿನ ಹೊಟ್ಟಿ ಕೆಡಿಸಿದ್ದೂ ತಪ್ಪು. ನೀ ಕೂಸನ್ನ ಎತಗೊಂಡು ತವರಿಗೆ ಹೋದದ್ದಕ್ಕ ನನ್ನ ತಕರಾರಿಲ್ಲ, ನಾನೂ ಹಂಗ ಮಾಡತಿದ್ದೆ. ಆದ್ರ ಅಲ್ಲಿ ಏನು ನಡೀತು ಅಂತ ಕೈನಾತ ನನ್ನ ಕಿವಿಯಾಗ ಹೇಳಿ ಹೋಗ್ಯಾಳ. ಕೆರಿಯಾಗ ಬಂದು ಕುಂತ ಆ ದೊಡ್ಡ ಬಾತುಗಳನ್ನ ತೋರಿಸಿ "ಇವು ನಾ ಕಳದ ಗುಡ್ಡದ ಆಚಿ ಕಡಿಯಿಂದ ಬಂದಾವ, ನೋಡು, ಒಂದೂ ದಾರಿ ತಪ್ಪಿಲ್ಲ" ಅಂದ್ನಂತ. ಆಮ್ಯಾಲ ಆಕಿನ್ನ ಒಂದು ಜಾಲಿ ಗಿಡದ ಬುಡಕ್ಕ ಕುಂಡ್ರಿಸಿ ಪಾಠ ಹೇಳಿದ: "ಕಳದ್ರ ಓಡಬ್ಯಾಡ. ಕುಂತಲ್ಲೆ ಕುಂಡ್ರು, ಚಪ್ಪಾಳಿ ಹೊಡಿ. ಅಪ್ಪಾ ನಡದ, ಅದಕ್ಕ ಹುಡುಕಾಕ ಬಂದವರಿಗೆ ಸಿಗಲಿಲ್ಲ. ನೀ ಕುಂತಿದ್ರ ನಾ ಬಂದ ಬರತೀನಿ, ಎಷ್ಟು ದಿನ ಆದ್ರೂ." ಆಕಿಗಿ ನೀರು, ಸೊಪ್ಪು ಕಲಿಸಾಕ ಹೋಗಿದ್ದಿಲ್ಲ ಅಂವ. ಆಕಿನ್ನ ಯಾರೂ ಅರ್ಧಕ್ಕ ಬಿಡಬಾರದು ಅಂತ ಅಂಜ್ಯಾನ.

ಈಗ ನಾಗಾವಿ ಹಂತ್ಯಾಕ ಒಂದು ಸಸಿ ಮಡಿಯಾಗ ನೀರು ಹಾಯಿಸೂ ಕೆಲಸ ಸಿಕ್ಕೈತಿ. ತಲಿ ಮ್ಯಾಲ ತಗಡು ಇಲ್ಲದ ಕೆಲಸ ಅಂತ ಒಪ್ಪಿ ಹೋದ ವಾರದಿಂದ ಹೊಂಟಾನ. ಮೊನ್ನೆ ಒಂದು ತಾಟು ಪೂರಾ ಉಂಡ. ರಮಜಾನ ಬಂದೇ ಬಂತು, ಪ್ಯಾಟಿಯಾಗ ಬಳಿ ಡಬ್ಬಿ ಇಳಿಯಾಕ ಹತ್ಯಾವ. ಬಾ ಅಂತ ನಾ ಹೇಳಾಂಗಿಲ್ಲ. ಹೇಳೂ ಹಕ್ಕು ನಿನ್ನ ಬಳಿ ಜೊತಿನ ತಗದು ಇಟ್ಟೀನಿ. ಬಂದ್ರ ಈ ಮನಿಯಾಗ ಬಾಯಿ ಮುಚಕೊಂಡು ಇರೂ ಸರತಿ ನಂದು ಅಂತ ಬರದುಕೊಡತೀನಿ. ನನ್ನಂಥಾಕಿ ಬಾಯಿ ಮುಚ್ಚೂದಂದ್ರ ಸಣ್ಣ ಮಾತಲ್ಲ, ನಿನಗ ಗೊತ್ತು.

ಮೋತಿಬಿಯವರಿಗೆ ಸಲಾಮು ಹೇಳು. ಅವರ ಕಾಲಿಗೆ ಹಚ್ಚಾಕ ಎಣ್ಣಿ ಶೀಶೆ ಕೊಟ್ಟೀನಿ. ಕೈನಾತನ ಕೆನ್ನಿಗೆ ನನ್ನ ಮುತ್ತು. ಅಲ್ಲಾಹ ನಿಮ್ಮಿಬ್ಬರನ್ನ ಯಾವ ದಾರಿಗಿದ್ರೂ ಕಾಯಲಿ.

ಇಂತಿ,
ನಿನ್ನ ಅತ್ತಿ ಅನಿಸಿಕೊಳ್ಳಾಕ ಇನ್ನೂ ಆಸಿ ಇದ್ದಾಕಿ,
ರಹಿಮತಬಿ

ತಾ.ಕ.: ಅಬ್ದುಲಗನಿ ಬಾಗಲದಾಗ ನಿಂತು ಹಾರ್ನ್ ಹೊಡಿಯಾಕ ಹತ್ಯಾನ, "ಖಾಲಾ, ಕಾಗದ ಬರೀತೀರೋ ಖುರಾನ ಬರೀತೀರೋ?" ಅಂತ. ಬರಿಯಬೇಕಾದ್ದು ಮ್ಯಾಲ ಬರೀಲಿಲ್ಲ. ಇಜಾಜ ಹಗ್ಗ ಕೊಟ್ಟು ಕೇಳಿದಾಗ ನಾ ಒಂಬತ್ತನೇ ಗಂಟು ತೋರಸಲಿಲ್ಲ, ಹತ್ತೊಂಬತ್ತನೇದು ತೋರಿಸಿದೆ. "ಮದಲ ಯಾರು ಬಿಟ್ರು?" ಅಂದ. ನಿನ್ನ ಹೆಸರು ಹೇಳಿದೆ. ಬಳಿ ತಾನ ತಗದ್ಲು, ನಾ ಬ್ಯಾಡಂದೆ, ಅಂದೆ. ನಿನ್ನ ಬರಿಗೈ ನೋಡಿ ನಂಬಿದ. ನಿನ್ನ ಮುಂದ ಅವನ ಬಾಯಿ ಕಟ್ಟಿದ್ದು ಕಾಡಲ್ಲ, ನಾ. ಇವತ್ತ ಮುಂಜಾನಿ ಖರೆ ಹೇಳೀನಿ. ಕೇಳಿ ಎದ್ದ. ಬಾಟ್ಲಿಗೆ ನೀರು ತುಂಬಕೊಂಡು ಲಕ್ಷ್ಮೇಶ್ವರದ ದಾರಿ ಹಿಡದ, ಕಾಲ್ನಡಿಗಿಲೆ. ಬಸ್ಸಿಗೆ ಹೋಗೋ ಅಂದ್ರ ತಿರುಗಿ ನೋಡಲಿಲ್ಲ. ನಾಳೆ ಮುಂಜಾನಿ ಅಂದ್ರ ನಿಮ್ಮ ಬಾಗಲಕ್ಕ ಇರತಾನ. ತಗಿಯೂದು ಬಿಡೂದು ನಿಂದು. ಖರೆ ಗೊತ್ತಿದ್ದು ನಿರ್ಧಾರ ಮಾಡು ಅಂತ ಬರದೆ.

ಇದರಾಗ ಯಾರಿಗೆ ಏನು ಸಿಕ್ತು ಅಂದ್ರ, ಗುತ್ತಿಗಿದಾರಗ ನನ್ನ ಸಹಿ. ಯಾವನೋ ಬಡವಗ ಒಂದು ನೀಲಿ ಅಂಗಿ. ಮುತ್ತವ್ವಗ ನಾಲ್ಕು ಮನಿಗೆ ಹಂಚೂವಷ್ಟು ಮಾತು. ಇಜಾಜಗ ಜೀವ. ಕೈನಾತಗ ಒಂದು ಪಾಠ. ನಿನಗ ಏನೂ ಇಲ್ಲ. ನನಗ ಎರಡು: ಮಗ, ಮತ್ತ ನಾಲ್ಕು ತಿಂಗಳು ಅವನ ಮುಂದ ಒಳ್ಳೆಯಾಕಿ ಅನಿಸಿಕೊಂಡದ್ದು.