ಸೊಲ್ಲಾಪುರದಲ್ಲಿ ನಿಂತ ತೊಟ್ಟಿಲು

ವಡಾಲ, ಮುಂಬಯಿ
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ಶಿವಕುಮಾರಿಗೆ,

ನಿನ್ನ ಮೊಣಕಾಲು ನೋವು ಹೇಗಿದೆ? ಬೀಗರ ಮನೆ ಎಂದು ಸಂಕೋಚಪಟ್ಟು ನೆಲದ ಮೇಲೆ ಕೂತು ಕೂತು ಅದನ್ನು ಹೆಚ್ಚು ಮಾಡಿಕೊಳ್ಳಬೇಡ, ಒಂದು ಕುರ್ಚಿ ಕೇಳಿ ಇಸಿದುಕೋ. ಅನುರಾಧಾ ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲವೋ? ಬಾಣಂತಿಗೆ ಕೊಡುವ ಅಳವಿ ಪಾಯಸ ಅಂದರೆ ಮೂಗು ಮುರಿಯುವ ಹುಡುಗಿ ಅದು, ಎದುರಿಗೆ ಕೂತು ಕುಡಿಸು. ಕುಂಚಿಗೆ ಕಟ್ಟಿಸಿಕೊಂಡ ಮೊಮ್ಮಗಳ ಫೋಟೋ ನೋಡಿದೆ. ಮೂಗು ನಮ್ಮ ಕಡೆಯದು, ಬೀಗರು ಏನೇ ಅನ್ನಲಿ. ನಾನು ಇಲ್ಲಿ ಆರಾಮಿದ್ದೇನೆ. ಊಟಕ್ಕೆ ಚಾಳಿನ ಕೊನೆಯ ಮನೆಯ ಸುಂದ್ರವ್ವ ರೊಟ್ಟಿ ಕೊಡುತ್ತಾಳೆ, ಪಲ್ಯ ನಾನೇ ಮಾಡಿಕೊಳ್ಳುತ್ತೇನೆ, ಉಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತೀ, ನಾನು ಇಲ್ಲಿ ಕೆಮ್ಮಿದರೂ ಇಂಡಿಯಲ್ಲಿ ಅವರ ಪಡಸಾಲೆಗೆಲ್ಲ ಕೇಳುತ್ತದೆ. ಮೊನ್ನೆ ನೀನು ತೊಟ್ಟಿಲು ಎಲ್ಲಿ ಬಂತು ಅಂತ ಕೇಳಿದಾಗ, ಹಿಂದಿನಿಂದ ಬೀಗರು ಸಿದ್ದರಾಮಪ್ಪನವರು "ಇರ್ಲಿ ಬಿಡ್ರೀ ಅಕ್ಕಾರ, ಮೊಬೈಲ್‌ದಾಗ ಒಂದು ತರಸಿದ್ರಾತು, ನಾಳೆ ನಾಡದ ಬಂದ್ ಬೀಳ್ತದ" ಅಂದದ್ದು ನನಗೂ ಕೇಳಿಸಿತು. ಮೈಯೆಲ್ಲ ಉರಿದುಹೋಯಿತು. ಮೊದಲ ಕೂಸಿಗೆ ತೊಟ್ಟಿಲು ತಾಯಿಯ ತವರಿನಿಂದ ಬರಬೇಕು. ಅದು ಬಂದು ಬೀಳುವ ಸಾಮಾನಲ್ಲ! ಸೋಮವಾರ ಹೆಸರಿಡುವ ದಿನ ಮಗಳು ಯಾರದೋ ಪ್ಲಾಸ್ಟಿಕ್ ತೊಟ್ಟಿಲಿನ ಮುಂದೆ ತಲೆ ತಗ್ಗಿಸಿ ಕೂರಬೇಕೇ? ಅದಕ್ಕೇ ಈ ಕಾಗದ. ನಮ್ಮ ಮೇಲಿನ ಖೋಲಿಯ ಭೀಮರಾಯ ಇವತ್ತು ಬಸ್ಸಿಗೆ ಊರಿಗೆ ಹೊರಟಿದ್ದಾನೆ. ಅವನ ಕೈಯಿಂದ ಇಸಿದುಕೊಂಡು ಒಬ್ಬಳೇ ಕೂತು ಓದು.

ತೊಟ್ಟಿಲು ಸೊಲ್ಲಾಪುರದಲ್ಲಿ ನಿಂತಿದೆ. ನಮ್ಮ ಭೀಮಾ ಪಾರ್ಸೆಲ್ಸ್‌ನದೇ ಗೋಡೌನಿನಲ್ಲಿ, ಗೋಣಿಪಾಟು ಸುತ್ತಿಕೊಂಡು, ನಾನೇ ಕೆಂಪು ಬಣ್ಣದಲ್ಲಿ ಬರೆದ "ಇಂಡಿ" ಅನ್ನುವ ಅಕ್ಷರ ಹೊತ್ತುಕೊಂಡು ಬಿದ್ದಿದೆ. ಸುಂದ್ರವ್ವ ಬಡಕೊಂಡಳು, "ಅಣ್ಣಾ, ಬಸ್ಸಿನ ಡಿಕ್ಕ್ಯಾಗ ಹಾಕಿ ಕಳಸ್ರಿ, ಎಲ್ಲಾರೂ ಹಂಗ ಮಾಡ್ತಾರ" ಅಂತ. ನಾನು ಕೇಳಲಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ನಿಮ್ಮಪ್ಪ ಅನುರಾಧಾಳಿಗೆ ಅಂತ ಕಲಘಟಗಿಯಲ್ಲಿ ಬಣ್ಣ ಹಾಕಿಸಿದ ತೊಟ್ಟಿಲು ಕಳಿಸಿದ್ದು ನಮ್ಮ ಕಂಪನಿಯ ಲಾರಿಯಲ್ಲೇ. ಇಳಿಸಿಕೊಂಡವನು ನಾನೇ. ಚಾಳಿನ ಅಟ್ಟದ ಮೇಲೆ ಇಷ್ಟು ವರ್ಷ ನಿನ್ನ ಪಾತ್ರೆಪಗಡೆ ತುಂಬಿಕೊಂಡು ಕೂತಿತ್ತಲ್ಲ, ಅದನ್ನು ಒರೆಸಿ, ಎಣ್ಣೆ ಹಚ್ಚಿ, ಕಂಪನಿಯ ಬುಕಿಂಗ್ ಕ್ಲಾರ್ಕ್ ಆದ ನಾನೇ ಬುಕ್ ಮಾಡಿದೆ. ನಮ್ಮ ಕಂಪನಿ ಇರುವಾಗ ಬಸ್ಸಿನ ಡಿಕ್ಕಿ ಯಾಕೆ ಅನ್ನುವ ಸೊಕ್ಕು. ಅದು ಸೊಲ್ಲಾಪುರ ಮುಟ್ಟಿದ ಮೇಲೆ ಸುದ್ದಿ ಬಂತು, ಅಲ್ಲಿಂದ ಇಂಡಿ ಕಡೆಗೆ ಹೋಗುವ ನಮ್ಮ ಲಾರಿ ನಿಂತಿದೆ ಅಂತ. ತುಂಬಲಿಕ್ಕೆ ಮಾಲೇ ಇಲ್ಲವಂತೆ.

ಮಾಲು ಎಲ್ಲಿ ಹೋಯಿತು? ಆ ಆನ್‌ಲೈನ್ ಅಂಗಡಿಯವರು ಎತ್ತಿಕೊಂಡು ಹೋದರು. ನಿನಗೆ ನೆನಪಿದೆಯಲ್ಲ, ಅವರ ಡಬ್ಬಿಗಳು ಮನೆಮನೆಗೆ ಮುಟ್ಟಿಸಲಿಕ್ಕೆ ನಮಗೆ ಬರತೊಡಗಿದಾಗ ನಮ್ಮ ಮಾಲಕ ಸೇಠ್ ಎಲ್ಲರಿಗೂ ಪೇಢೆ ಹಂಚಿದ್ದ. ಅವರ ಹುಡುಗರು ಬಂದು ನಮ್ಮವರ ಬೆನ್ನ ಹಿಂದೆ ಓಣಿ ಓಣಿ ಸುತ್ತಿದರು. ಯಾವ ಬಿಲ್ಡಿಂಗಿನ ವಾಚ್‌ಮನ್ ಜಗಳಗಂಟ, ಯಾವ ಸೊಸೈಟಿಯಲ್ಲಿ ಮಧ್ಯಾಹ್ನ ಬೆಲ್ ಹೊಡೆಯಬಾರದು, ಎಲ್ಲ ನಮ್ಮವರೇ ಚಹಾ ಕುಡಿಸಿ ಹೇಳಿಕೊಟ್ಟರು. ಕಲಿತಾದ ಮೇಲೆ ಕಾಂದಿವಲಿಯಲ್ಲಿ ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಗೋಡೌನ್ ಹಾಕಿದರು, ತಮ್ಮದೇ ವ್ಯಾನು, ತಮ್ಮದೇ ಹುಡುಗರು. ಆಗ ನಾನು ಫೋರ್ಟ್ ಆಫೀಸಿಗೆ ಹೋಗಿ ಹೇಳಿದೆ, ಸೇಠ್‌ಜೀ, ಇದು ನಮ್ಮ ಕುತ್ತಿಗೆಗೇ ಬರುತ್ತದೆ ಅಂತ. ಕೆಳಗಿನ ಉಡುಪಿ ಹೋಟೆಲಿನಿಂದ ಇಡ್ಲಿ ತರಿಸಿಕೊಂಡು ತಿನ್ನುತ್ತಿದ್ದ ಪುಣ್ಯಾತ್ಮ ನಕ್ಕುಬಿಟ್ಟ. "ಅರೇ ಗುರುಪಾದ, ವೋ ದುಕಾನ್‌ದಾರ್ ಹೈ. ಢೋನಾ ತೋ ಹಮಾರಾ ಧಂದಾ ಹೈ." ಅವರು ಅಂಗಡಿಯವರು, ಹೊರುವುದು ನಮ್ಮ ಕಸುಬು, ದೀಪಾವಳಿ ಗದ್ದಲ ಬಂದರೆ ಮತ್ತೆ ನಮ್ಮ ಕಾಲಿಗೇ ಬೀಳುತ್ತಾರೆ ಅಂತ ಅವನ ಧೈರ್ಯ. ಈ ಸಲದ ದೀಪಾವಳಿ ಬಂತು, ಹೋಯಿತು. ಕಾಲಿಗೆ ಬೀಳುವುದಿರಲಿ, ನಮ್ಮ ಬಾಗಿಲ ಕಡೆ ತಿರುಗಿ ನೋಡಿದವರಿಲ್ಲ.

ನನ್ನ ಸಿಟ್ಟು ಅವರ ಮೇಲೆ ಎಷ್ಟಿದೆಯೋ ನಮ್ಮ ಸೇಠ್ ಮೇಲೂ ಅಷ್ಟೇ ಇದೆ. ಆ ಡಬ್ಬಿಗಳು ಬರುವ ಮೊದಲು ನಮ್ಮ ಕೌಂಟರಿಗೆ ಯಾರು ಬರುತ್ತಿದ್ದರು ಹೇಳು? ನಮ್ಮ ಜನ. ಕಟ್ಟಡದ ಕೆಲಸದ ನಾಗವ್ವ ತಾಯಿಗೆ ಸೀರೆ, ಔಷಧಿ ಕಳಿಸುತ್ತಿದ್ದಳು. ಊರಿನಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬರುತ್ತಿತ್ತು. ಗೋಡೌನಿಗೆ ಕಾಲಿಟ್ಟರೆ ಹಸಿವಾಗುವಂಥ ವಾಸನೆ. ಸೇಠ್ ಅವರನ್ನೆಲ್ಲ ಮೂಲೆಗೆ ತಳ್ಳಿದ. "ಯೇ ಗಠರೀವಾಲೋಂ ಕೋ ಬಾದ್ ಮೇಂ ದೇಖೋ" ಅಂದ. ಗಂಟಿನವರನ್ನು ಆಮೇಲೆ ನೋಡಿಕೊಳ್ಳಬೇಕಂತೆ! ರೊಟ್ಟಿ ಬೂಸು ಹಿಡಿಯಿತು, ಜನ ಬೇಸತ್ತು ಬಸ್ಸಿನ ಡ್ರೈವರನ ಕೈಗೆ ಗಂಟು ಕೊಡಲು ಕಲಿತರು. ಒಬ್ಬ ದೊಡ್ಡ ಗಿರಾಕಿಯ ಮುಂದೆ ಹಲ್ಲು ಕಿರಿದು, ನೂರು ಸಣ್ಣವರ ಮುಖಕ್ಕೆ ಬಾಗಿಲು ಹಾಕಿದೆವು. ಕೊನೆಗೆ ಅವರನ್ನು ಮತ್ತೆ ಕರೆದುಕೊಂಡು ಬಾ ಅಂದ. ಯಾವ ಮುಖ ಹೊತ್ತು ಕರೆಯಲಿ? ನಾಗವ್ವ ದಾರಿಯಲ್ಲಿ ಸಿಕ್ಕರೆ ನಾನೇ ತಲೆ ತಗ್ಗಿಸಿಕೊಂಡು ಹೋಗುತ್ತೇನೆ.

ತೊಟ್ಟಿಲು ನಿಂತ ಸುದ್ದಿ ಬಂದ ದಿನ ತಡೆಯಲಾರದೆ ಕಾಂದಿವಲಿಗೆ ಹೋದೆ. ನಮ್ಮ ದಾನಪ್ಪ ಈಗ ಅಲ್ಲಿದ್ದಾನೆ, ಗೊತ್ತಲ್ಲ. ನಾನೇ ಕೈಹಿಡಿದು ಕೆಲಸ ಕಲಿಸಿದ ದಾನಪ್ಪ, ನಮ್ಮ ಮನೆಯ ಗೋಧಿ ಹುಗ್ಗಿ ಬಡಿಸಿಕೊಂಡು ತಿಂದವನು. ಅವರ ವ್ಯಾನು ಸೊಲ್ಲಾಪುರದಲ್ಲಿ ನಮ್ಮ ಗೋಡೌನಿನ ಮುಂದೆಯೇ ಹಾದು ದಿನಾ ಇಂಡಿಗೆ ಹೋಗುತ್ತದೆ. ಅದರಲ್ಲಿ ನಮ್ಮ ತೊಟ್ಟಿಲನ್ನೂ ಹಾಕಿಸು, ಬಾಡಿಗೆ ಎಷ್ಟಾದರೂ ಕೊಡುತ್ತೇನೆ ಅಂತ ಕೇಳುವುದು ನನ್ನ ವಿಚಾರ. ಮೊದಲು ಅಲ್ಲಿ ಬುಕಿಂಗ್ ಕೌಂಟರ್ ಹುಡುಕಿದೆ. ಸುತ್ತ ಒಂದು ಸುತ್ತು ಹಾಕಿದೆ, ಕೌಂಟರೇ ಇಲ್ಲ! ಹೊರಗಿನವನು ಒಂದು ಗಂಟು ಹಿಡಿದು ನಿಂತು "ಇದನ್ನು ಮುಟ್ಟಿಸಿರಿ" ಅನ್ನಲಿಕ್ಕೆ ಒಂದು ಕಿಂಡಿ ಕೂಡ ಇಲ್ಲ. ಕೊನೆಗೆ ದಾನಪ್ಪ ಹೊರಗೆ ಬಂದ. ನನ್ನ ಮಾತು ಕೇಳಿ ಮುಖ ಸಣ್ಣದು ಮಾಡಿಕೊಂಡ. "ಕಾಕಾ, ಈ ವ್ಯಾನು ಇವ್ರು ಮಾರಿದ್ದಷ್ಟ ಒಯ್ತದ್ರಿ. ನಿಮ್ಮ ತೊಟ್ಟಲಾ ಇಲ್ಲಿ ಮಾರಿಲ್ಲಲ್ಲ." ಆಮೇಲೆ ಪಾಪ, ಉಪಕಾರ ಮಾಡುವವನ ಹಾಗೆ ಮೊಬೈಲು ತೆಗೆದು ತೋರಿಸಿದ. "ಇಂಥಾದ ಹೊಸಾದು ಆರ್ಡರ್ ಮಾಡ್ರಿ, ಅದ ವ್ಯಾನಿನ್ಯಾಗ ಸೋಮವಾರದೊಳಗ ಮುಟ್ತದ."

ಕೇಳಿದೆಯಾ ಶಿವಕುಮಾರಿ? ವ್ಯಾನು ಅದೇ, ದಾರಿ ಅದೇ, ಊರು ಅದೇ. ಅವರು ಮಾರಿದ ತೊಟ್ಟಿಲಿಗೆ ಜಾಗ ಇದೆ, ನಿಮ್ಮಪ್ಪ ಕಳಿಸಿದ ತೊಟ್ಟಿಲಿಗೆ ಇಲ್ಲ! ಎಲಾ ಇವರ, ಇದೂ ಒಂದು ಸಾಗಾಣಿಕೆಯೇ? ಎಲ್ಲರ ಮನೆಗೆ ಬರುತ್ತಾರೆ, ಒಬ್ಬರ ಮನೆಯಿಂದಲೂ ಏನೂ ಒಯ್ಯುವುದಿಲ್ಲ. ಬೇಡವಾದದ್ದನ್ನು ವಾಪಸ್ ಒಯ್ಯುತ್ತಾರಲ್ಲ ಅಂತ ದಾನಪ್ಪ ಅಂದ. ಅದೂ ಅವರದೇ ಮಾಲು ತಾನೇ? ಮುಟ್ಟಿಸುವ ಚೆಂದವನ್ನಂತೂ ಕೇಳಲೇಬೇಡ. ನಮ್ಮಲ್ಲಿ ತೆಗೆದುಕೊಂಡವರ ಸಹಿ ಇಲ್ಲದೆ ಪಾರ್ಸೆಲ್ ಕೈಬಿಡುವಂತಿಲ್ಲ, ಸಹಿ ಬಾರದಿದ್ದರೆ ಹೆಬ್ಬೆಟ್ಟು. ಇವರು ಚಪ್ಪಲಿ ಪಕ್ಕದಲ್ಲಿ ಇಟ್ಟು ಫೋಟೋ ಹೊಡೆದು ಓಡುತ್ತಾರೆ. ನಾನು ಗೇಟಿನಲ್ಲೇ ನಿಂತು ಬಾಯಿಗೆ ಬಂದದ್ದು ಅಂದೆ. ದಾನಪ್ಪನ ಕೈಯಲ್ಲಿದ್ದ ಫೋನು ಮೂರು ಸಲ ಕೂಗಿತು, ಕೆಲಸ ಬಿಟ್ಟು ನಿಂತದ್ದಕ್ಕೆ ಲೆಕ್ಕ ಕೇಳುತ್ತದಂತೆ. ಚಹಾ ಕುಡಿಸಲಿಕ್ಕೂ ಆಗಲಿಲ್ಲ ಕಾಕಾ ಅನ್ನುತ್ತ ಒಳಗೆ ಓಡಿದ. ಬರುವಾಗ ಲೋಕಲ್‌ನಲ್ಲಿ ಅವನಿಗೆ ಅಷ್ಟು ಅನ್ನಬಾರದಿತ್ತು ಅನಿಸಿತು, ಆದರೆ ಸಿಟ್ಟು ಇಳಿಯಲಿಲ್ಲ, ಈಗಲೂ ಇಳಿದಿಲ್ಲ.

ನೀನು ಮಾತ್ರ ಬೀಗರಿಗೆ ಮೊಬೈಲ್ ಮುಟ್ಟಲಿಕ್ಕೆ ಬಿಡಬೇಡ. ತೊಟ್ಟಿಲು ಬರುತ್ತದೆ ಅಂತ ಗಟ್ಟಿಯಾಗಿ ಹೇಳು, ನನ್ನ ಹೆಸರಿನ ಮೇಲೆ ಹೇಳು. ಅನುರಾಧಾಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ, ಬೀಗರಿಗೂ ಬೀಗತಿಗೂ ಶರಣಾರ್ಥಿ. ಇನ್ನೂ ಹೆಸರಿಲ್ಲದ ಆ ಪುಟ್ಟ ಗೌಡತಿಗೆ ನೂರು ವರ್ಷ ಆಯಸ್ಸಾಗಲಿ. ನೀನು ಬಿಸಿನೀರಿನಲ್ಲಿ ಕಾಲು ಇಟ್ಟುಕೋ.

ನಿನ್ನವನೇ ಆದ
ಗುರುಪಾದ

ತಾಜಾಕಲಂ: ಭೀಮರಾಯ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ತೊಟ್ಟಿಲನ್ನು ನಾನೇ ತರುತ್ತಿದ್ದೇನೆ. ನಾಳೆ ರೈಲಿಗೆ ಸೊಲ್ಲಾಪುರಕ್ಕೆ ಹೋಗಿ, ಗೋಡೌನಿನ ಶಾಂತಪ್ಪನ ಕೈಯಿಂದ ಬಿಡಿಸಿಕೊಂಡು, ಬಸ್ಸಿನ ಮೇಲೆ ಹಾಕಿಸಿಕೊಂಡು ಶನಿವಾರ ಇಂಡಿಗೆ ಮುಟ್ಟುತ್ತೇನೆ. ರಜೆ ಹೇಗೆ ಸಿಕ್ಕಿತು ಅಂತ ಕೇಳಬೇಡ. ರಜೆ ಕೊಡುವವರೇ ಇಲ್ಲ. ವಡಾಲದ ಗೋಡೌನಿಗೆ ಮೊನ್ನೆ ಸೋಮವಾರವೇ ಬೀಗ ಬಿತ್ತು, ನಮಗೆಲ್ಲ ಮನೆಗೆ ಹೋಗಿರಿ ಅಂದುಬಿಟ್ಟರು. ಸ್ಪೀಕರಿನ ಮುಂದೆ ಹೇಗೆ ಹೇಳಲಿ? ಹೆಸರಿಡುವುದು ಮುಗಿಯುವವರೆಗೆ ಮಗಳಿಗೂ ಬೀಗರಿಗೂ ಗೊತ್ತಾಗುವುದು ಬೇಡ. ದಾನಪ್ಪ ನಿನ್ನೆ ಫೋನ್ ಮಾಡಿ, ಕಾಕಾ, ಇಲ್ಲಿ ಡಬ್ಬಿ ವಿಂಗಡಿಸುವ ಕೆಲಸ ಇದೆ, ಬರ್ರಿ ಅಂದ. ಬಾಯಿಗೆ ಬೈಗುಳ ಬಂತು, ಆದರೆ ಬೈಯಲೂ ಇಲ್ಲ, ಒಲ್ಲೆ ಅನ್ನಲೂ ಇಲ್ಲ. ನೀನು ಏನು ಅನ್ನುತ್ತೀಯೋ ಬಂದ ಮೇಲೆ ಕೂತು ಮಾತಾಡೋಣ. ಕಂಪನಿಯ ಕೊನೆಯ ಪಾರ್ಸೆಲ್ ಇದು, ರಸೀದಿ ನನ್ನ ಕಿಸೆಯಲ್ಲಿದೆ. ತೊಟ್ಟಿಲು ಪಡಸಾಲೆಯಲ್ಲಿ ಇಳಿಸಿ, ಬೀಗರ ಸಹಿ ತೆಗೆದುಕೊಂಡೇ ಒಳಗೆ ಬರುತ್ತೇನೆ.